ನಡುವೆ ಯಾರೂ ಇಲ್ಲದೆ ಮನೆ ಮಾರಿದ್ದು

(ವಿಜಯಪುರದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳು. ಆಮೇಲೆ ಬಹಳ ಜನ ಕೇಳಿದ್ದರಿಂದ ಬರೆದು ಕೊಡುತ್ತಿದ್ದೇನೆ.)

ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಫ್ಯಾನಿನ ಸದ್ದಿನಲ್ಲಿ ನನ್ನ ಮಾತು ಅಲ್ಲಿಯವರೆಗೆ ಮುಟ್ಟುವುದಿಲ್ಲ.

ನಾನು ವಕೀಲಳಲ್ಲ, ಬ್ಯಾಂಕಿನವಳೂ ಅಲ್ಲ. ಇಬ್ರಾಹಿಂಪುರದಲ್ಲಿ 22 ವರ್ಷ ಹೊಲಿಗೆ ಕ್ಲಾಸ್ ನಡೆಸಿದವಳು. ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಮಗ ಪುಣೆಯಲ್ಲಿ, ಮಗಳು ಸೋಲಾಪುರದಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು ನಾನು, ನಮ್ಮ ಅತ್ತೆ, ಇಬ್ಬರೇ. ಇದನ್ನು ಮಾರಿ ಇಲ್ಲೇ ಜಲನಗರದ ಕಡೆ ಎರಡು ಕೋಣೆಯ ಸಣ್ಣ ಮನೆ ತೊಗೊಳ್ಳೋಣ ಅಂತ ಮಾತಾಡಿಕೊಂಡೆವು. ಸುದ್ದಿ ಓಣಿಯಲ್ಲಿ ಹಬ್ಬಿದ ದಿನವೇ ಒಬ್ಬರು ಬಂದು ಹೇಳಿದರು: "ಅಕ್ಕಾರ, ನಿಮ್ಮ ಕೈಲೆ ಆಗೂದಲ್ಲ ಇದು. ಒಬ್ಬ ಏಜೆಂಟನ್ನ ಹಿಡೀರಿ, ನೂರಕ್ಕ ಎರಡು ಕೊಟ್ಟು ಆರಾಮ ಇರ್ರಿ."

ನೂರಕ್ಕೆ ಎರಡು ಅಂದರೆ ಕೇಳಲಿಕ್ಕೆ ಸಣ್ಣ ಮಾತು. ನಮ್ಮ ಮನೆ ಕೊನೆಗೆ ಹೋದದ್ದು 46 ಲಕ್ಷಕ್ಕೆ. ಅದರಲ್ಲಿ ನೂರಕ್ಕೆ ಎರಡು ಅಂದರೆ 92,000 ರೂಪಾಯಿ. ಒಂದು ಬ್ಲೌಸಿಗೆ 250ರಂತೆ ಹಿಡಿದರೆ 368 ಬ್ಲೌಸು ಹೊಲಿಯಬೇಕು. ತೊಗೊಳ್ಳುವವರಿಂದಲೂ ಅಷ್ಟೇ ದಲಾಲಿ ಹೋಗುತ್ತದೆ. ಎರಡೂ ಕಡೆ ಕೂಡಿದರೆ 1,84,000. ಇದು ಮನೆಯ ಬೆಲೆಯೊಳಗಿಂದಲೇ ಹೋಗುವ ದುಡ್ಡು, ಬೇರೆ ಎಲ್ಲಿಂದಲೋ ಬರುವುದಲ್ಲ.

ಏಜೆಂಟರು ಮಾಡುವುದು ಮೂರು ಕೆಲಸ. ಗಿರಾಕಿ ಹುಡುಕುತ್ತಾರೆ, ಕಾಗದಕ್ಕೆ ಓಡಾಡುತ್ತಾರೆ, ನಡುವೆ ಕೂತು ಮಾತಾಡುತ್ತಾರೆ. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಗಿರಾಕಿ ಎಲ್ಲಿಂದ ತರಲಿ ಅಂತ. ನನ್ನ ಅನುಭವದಲ್ಲಿ ಅದೇ ಎಲ್ಲಕ್ಕಿಂತ ಸುಲಭ. ಕಷ್ಟ ಇರುವುದು ಕಾಗದದಲ್ಲಿ. ಕಾಗದ ಸರಿ ಇದ್ದರೆ ನಮಗೆ ಮಾತಾಡುವ ಧೈರ್ಯ ತಾನಾಗಿ ಬರುತ್ತದೆ. ಅದಕ್ಕೆ ಇವತ್ತು ಜಾಸ್ತಿ ಹೊತ್ತು ಕಾಗದದ ಬಗ್ಗೆಯೇ ಹೇಳುತ್ತೇನೆ, ಬೇಜಾರಾಗಬೇಡಿ.

ಮೊದಲು ನಿಮ್ಮ ಮನೆ ಯಾರ ಹೆಸರಿನಲ್ಲಿದೆ ನೋಡಿ. ಬಾಯಿಮಾತಿನಲ್ಲಿ ಅಲ್ಲ, ಉತಾರದಲ್ಲಿ, ಅಂದರೆ ಸರ್ಕಾರಿ ದಾಖಲೆಯ ನಕಲಿನಲ್ಲಿ. ನಮ್ಮ ಊರಿನ ಬಹಳಷ್ಟು ಹಳೇ ಭಾಗಕ್ಕೆ ಸಿಟಿ ಸರ್ವೆ ಆಗಿದೆ, ಅಂಥ ಮನೆಗೆ ಸಿ.ಟಿ.ಎಸ್. ನಂಬರ್ ಇರುತ್ತದೆ, ಅದರ ಪ್ರಾಪರ್ಟಿ ಕಾರ್ಡ್ ಸಿಟಿ ಸರ್ವೆ ಆಫೀಸಿನಲ್ಲಿ ಸಿಗುತ್ತದೆ. ಪಾಲಿಕೆಯಲ್ಲಿ ಖಾತೆ ಬೇರೆ ಇರುತ್ತದೆ. ಈ ಎರಡರಲ್ಲೂ ಹೆಸರು ಒಂದೇ ಇರಬೇಕು, ಅಳತೆ ಒಂದೇ ಇರಬೇಕು. ಈಗ ಇ-ಖಾತೆ, ಅಂದರೆ ಆ ಖಾತೆಯ ಕಂಪ್ಯೂಟರ್ ದಾಖಲೆ, ಇಲ್ಲದೆ ರಜಿಸ್ಟ್ರೇಷನ್ ಆಗುವುದೇ ಇಲ್ಲ. ಹಳ್ಳಿಯಲ್ಲಿ, ಪಂಚಾಯತಿ ಹದ್ದಿನಲ್ಲಿ ಇದ್ದರೆ ಇ-ಸ್ವತ್ತಿನ ಕಾಗದ ಬೇಕು. ಹೊಲದಲ್ಲಿ ಹಾಕಿದ ಪ್ಲಾಟಿನ ಮೇಲೆ ಕಟ್ಟಿದ ಮನೆಯಾದರೆ ಎನ್.ಎ. ಆದೇಶ, ಅಂದರೆ ಹೊಲವನ್ನು ಬೇಸಾಯ ಬಿಟ್ಟು ಬೇರೆ ಬಳಕೆಗೆ ಬದಲಿಸಿದ ಆದೇಶ, ಇದೆಯಾ ಅಂತ ಕೇಳುತ್ತಾರೆ, ಮೊದಲೇ ತೆಗೆದಿಡಿ.

ನಮ್ಮಲ್ಲಿ ಎರಡೂ ಕಡೆ ಮನೆಯವರ ಹೆಸರೇ ಇತ್ತು. ಅವರು ವಿಲ್ ಬರೆದಿರಲಿಲ್ಲ. ನಾನು, ಮಗ, ಮಗಳು, ಮೂರು ಜನ ವಾರಸುದಾರರು ಅಂತ ತಿಳಿದು ವಾರಸಾ ಅರ್ಜಿ ಬರೆಸಲಿಕ್ಕೆ ಹೋದೆ. ಅಲ್ಲಿ ಕೂತಿದ್ದ ಹಿರಿಯ ವಕೀಲರೊಬ್ಬರು ಕೇಳಿದರು, "ಯಜಮಾನರ ತಾಯಿ ಇದ್ದಾರೇನ್ರಿ?" ಇದ್ದಾರೆ ಅಂದೆ. "ಹಾಗಿದ್ದರೆ ನಾಲ್ಕು ಜನ" ಅಂದರು.

ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ತಾನೇ ಗಳಿಸಿದ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳು ಮತ್ತು ಅವನ ತಾಯಿ, ಎಲ್ಲರಿಗೂ ಸಮ ಪಾಲು. ಮಗಳಿಗೆ ಮದುವೆಯಾಗಿದ್ದರೂ ಪಾಲಿದೆ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಹಕ್ಕುದಾರಳು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಆದರೂ ನಮ್ಮ ಕಡೆ ಏನು ಮಾಡುತ್ತಾರೆ? ಅಣ್ಣತಮ್ಮಂದಿರ ಹೆಸರು ಮಾತ್ರ ಹಚ್ಚಿಸಿ, "ಹೆಣ್ಮಕ್ಕಳದು ಏನೈತಿ, ಅವರಿಗೆ ಮದಿವ್ಯಾಗ ಕೊಟ್ಟೀವಿ" ಅಂತ ಹೇಳಿ ಮಾರಲಿಕ್ಕೆ ಹೋಗುತ್ತಾರೆ. ತೊಗೊಳ್ಳುವವರ ಬ್ಯಾಂಕಿನ ವಕೀಲರು ವಂಶಾವಳಿ ನೋಡಿದ ಕೂಡಲೇ ಅಲ್ಲಿಗೆ ವ್ಯವಹಾರ ನಿಲ್ಲುತ್ತದೆ. ಅಕ್ಕತಂಗಿಯರು ಪಾಲು ಬೇಡ ಅನ್ನುವುದಾದರೆ ಅವರು ಮನಸ್ಸಿಟ್ಟು ಹಕ್ಕಸೋಡ ಪತ್ರ ಬರೆದು ಕೊಡಲಿ, ಅದನ್ನು ರಜಿಸ್ಟರ್ ಮಾಡಿಸಲಿ. ಇಲ್ಲವಾ, ಅವರೂ ಮಾರುವವರಾಗಿ ಸಹಿ ಮಾಡಿ ತಮ್ಮ ಪಾಲು ತೊಗೊಳ್ಳಲಿ. ಇದು ಬರೀ ಕಾಗದದ ಮಾತಲ್ಲ. ನಿಮ್ಮ ಮನೆಯ ಹೆಣ್ಣುಮಕ್ಕಳ ಮಾತು. ನಾನು ಇದನ್ನು ಎಲ್ಲಿ ಹೋದರೂ ಹೇಳುತ್ತೇನೆ.

ನಮ್ಮ ಅತ್ತೆಗೆ 84 ವರ್ಷ. ನಾಲ್ಕನೇ ಪಾಲು ನಿಮ್ಮದು ಅಂದರೆ ಅವರು ನಂಬಲಿಲ್ಲ. "ನನ್ನ ಹೆಸರ್ಲೆ ಇಲ್ಲಿತನಕ ಒಂದ ಕಾಗದಾನೂ ಆಗಿಲ್ಲವ್ವಾ" ಅಂದರು. ಅದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ಎರಡನೆಯದು ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಕಾವೇರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ, ಆಫೀಸಿಗೆ ಹೋಗುವ ಜರೂರು ಇಲ್ಲ. ಆ ಮನೆಯ ಮೇಲೆ ನೋಂದಣಿ ಆದ ಖರೀದಿ, ಅಡಮಾನ, ದಾನ ಎಲ್ಲ ಅದರಲ್ಲಿ ಕಾಣುತ್ತವೆ. ನಾನು ಇದನ್ನು ತೆಗೆಸಿದ್ದು ತಡವಾಗಿ, ಗಿರಾಕಿ ಬಂದು ಕೂತ ಮೇಲೆ. ಅದು ನನ್ನ ತಪ್ಪು. ಮನೆಯವರು ಮನೆಸಾಲ ತೆಗೆದಿದ್ದರು, 2011ರಲ್ಲಿ ಪೂರಾ ತೀರಿಸಿದ್ದರು, ತೀರಿದ ಪತ್ರವೂ ಟ್ರಂಕಿನಲ್ಲಿತ್ತು. ಆದರೆ ಇ.ಸಿ.ಯಲ್ಲಿ ಅಡಮಾನ ಹಾಗೇ ನಿಂತಿತ್ತು, ಉತಾರದಲ್ಲಿ ಬೋಜಾ, ಅಂದರೆ ಸಾಲದ ನಮೂದು, ಹಾಗೇ ಇತ್ತು. ಸಾಲ ಕೊಟ್ಟವರು ದುಡ್ಡು ತುಂಬಿಸಿಕೊಂಡರು, ಬಿಡುಗಡೆ ಮಾಡಿಸಿಕೊಳ್ಳಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಆ ಶಾಖೆ ಅಷ್ಟರಲ್ಲಿ ಇನ್ನೊಂದರ ಜೊತೆ ಸೇರಿಹೋಗಿತ್ತು. ಹಳೇ ಕಡತ ಹುಡುಕಿ, ಬಿಡುಗಡೆ ಪತ್ರ ಮಾಡಿಸಿ, ಬೋಜಾ ಕಡಿಮೆ ಮಾಡಿಸುವಷ್ಟರಲ್ಲಿ ಏಳು ವಾರ. ಬಂದಿದ್ದ ಗಿರಾಕಿ ಬೇರೆ ಮನೆ ನೋಡಿಕೊಂಡರು. ಅವರನ್ನು ನಾನು ಬೈಯುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಸಾಲ ತೀರಿಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಮಾರುವ ವಿಚಾರ ಇರಲಿ ಬಿಡಲಿ, ನಾಳೆಯೇ ಒಂದು ಇ.ಸಿ. ತೆಗೆಸಿ ನೋಡಿ.

ಉಳಿದವು ಸಣ್ಣವು. ಮೂಲ ಖರೀದಿ ಪತ್ರ, ಅದರ ಹಿಂದಿನ ಪತ್ರಗಳು, ಕಟ್ಟಡದ ಪರವಾನಗಿ, ಮನೆಪಟ್ಟಿ ತುಂಬಿದ ಪಾವತಿ, ನೀರಿನ ಮತ್ತು ಹೆಸ್ಕಾಂ ಕರೆಂಟ್ ಬಿಲ್ಲು ಬಾಕಿ ಇಲ್ಲದ್ದು. ಎಲ್ಲದರ ಝೆರಾಕ್ಸ್ ಎರಡು ಸೆಟ್ ಮಾಡಿ ಒಂದು ಫೈಲಿನಲ್ಲಿ ಇಡಿ. ಮೂಲ ಪತ್ರ ಯಾರ ಕೈಗೂ ಕೊಡಬೇಡಿ, ತೋರಿಸಿ ಅಷ್ಟೇ. ವಾಟ್ಸಾಪಿನಲ್ಲಿ ಕಾಗದದ ಫೋಟೋ ಹಾಕಬೇಡಿ. ಆಧಾರ್ ಝೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಗೆರೆ ಎಳೆದು ಯಾತಕ್ಕೆ ಕೊಟ್ಟದ್ದು ಅಂತ ಬರೆದು ಕೊಡಿ. ಇಷ್ಟೆಲ್ಲ ತಯಾರಾದ ಮೇಲೆ ಒಬ್ಬ ಒಳ್ಳೆ ವಕೀಲರಿಗೆ ಫೀ ಕೊಟ್ಟು ಒಂದು ಸಲ ಓದಿಸಿ. ಏಜೆಂಟ್ ಬೇಡ ಅಂದೆನೇ ಹೊರತು ವಕೀಲರು ಬೇಡ ಅನ್ನಲಿಲ್ಲ. ಈ ಖರ್ಚಿನಲ್ಲಿ ಕಂಜೂಸುತನ ಮಾಡಬೇಡಿ.

ಇನ್ನು ಬೆಲೆ. ನಮ್ಮ ಮನೆಗೆ ನಾವು ಕಟ್ಟುವ ಬೆಲೆ ಯಾವಾಗಲೂ ಜಾಸ್ತಿಯೇ ಇರುತ್ತದೆ, ಯಾಕೆಂದರೆ ನಾವು ಅದರಲ್ಲಿ ಬದುಕಿರುತ್ತೇವೆ. ಅಂಗಳದ ಕರಿಬೇವಿನ ಗಿಡಕ್ಕೂ ಮನಸ್ಸಿನಲ್ಲಿ ಬೆಲೆ ಹಚ್ಚಿರುತ್ತೇವೆ. ತೊಗೊಳ್ಳುವವರು ನೋಡುವುದು ಜಾಗ ಎಷ್ಟು ಚದರಡಿ, ರಸ್ತೆ ಎಷ್ಟು ಅಗಲ, ಕಟ್ಟಡಕ್ಕೆ ಎಷ್ಟು ವರ್ಷ ಆಯಿತು. ನಮ್ಮದು ಮೂವತ್ತು ನಲವತ್ತರ ಪ್ಲಾಟು, 1,200 ಚದರಡಿ. ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಮೇಲೆ, ಗುಂಟೆ ಅಂದರೆ 1,089 ಚದರಡಿ ಅಲ್ವಾ. ಹಳೇ ಮನೆಯಲ್ಲಿ ಹೆಚ್ಚು ಬೆಲೆ ಬರುವುದು ಜಾಗಕ್ಕೆ. ಅದಕ್ಕೆ ಸುತ್ತಮುತ್ತ ಈಚೆಗೆ ಮನೆ ಕೊಂಡವರನ್ನು ಕೇಳಿ, ಮಾರಲಿಕ್ಕೆ ಇಟ್ಟವರನ್ನಲ್ಲ. ಮಾರುವವರು ಹೇಳುವುದು ಆಸೆಯ ಬೆಲೆ, ಕೊಂಡವರು ಹೇಳುವುದು ನಡೆದ ಬೆಲೆ. ನಾನು ಮೂರು ಮನೆಯವರನ್ನು ಚಹಾಕ್ಕೆ ಕರೆದು ಕೇಳಿದೆ, ಇಬ್ಬರು ಹೇಳಿದರು. ಅದರ ಜೊತೆ ಸರ್ಕಾರದ ಮಾರ್ಗಸೂಚಿ ದರ ಎಷ್ಟಿದೆ ಅಂತಲೂ ನೋಡಿಕೊಂಡೆ, ಅದು ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಆಮೇಲೆ ನಾವು ನಾಲ್ಕೂ ಜನ ಕೂತು ಮೂರು ಅಂಕಿ ಬರೆದೆವು. ಹೇಳುವುದು 49 ಲಕ್ಷ. ಬರಬೇಕಾದ್ದು 46. ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು 44 ಲಕ್ಷ 50 ಸಾವಿರ. ಆ ಚೀಟಿಯನ್ನು ದೇವರ ಜಗಲಿಯ ಕೆಳಗೆ ಇಟ್ಟೆ. ಮಾತಿನ ನಡುವೆ ಮನಸ್ಸು ಅಲುಗಾಡಿದಾಗ ನಿಂತುಕೊಳ್ಳಲಿಕ್ಕೆ ಅದೊಂದು ಆಧಾರ.

ಗಿರಾಕಿ ಸುಲಭ ಅಂದೆ ಅಲ್ವಾ. ಗೇಟಿಗೆ ಒಂದು ಬೋರ್ಡ್ ಹಾಕಿದೆ, ಓಣಿಯ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಫೋಟೋ ಹಾಕಿದೆ, ಕ್ಲಾಸಿಗೆ ಬರುವ ಹುಡುಗಿಯರಿಗೆ ಹೇಳಿದೆ, ಹಾಲಿನವರಿಗೆ ಹೇಳಿದೆ, ಕಿರಾಣಿ ಅಂಗಡಿಯಲ್ಲಿ ಹೇಳಿದೆ. ಮೊದಲ ವಾರ ಬಂದ ಫೋನುಗಳಲ್ಲಿ ಜಾಸ್ತಿ ಏಜೆಂಟರವೇ. ಅವರಿಗೂ ಮರ್ಯಾದೆಯಿಂದಲೇ ಬೇಡ ಅಂದೆ. ಕೊನೆಗೆ ಮನೆ ತೊಗೊಂಡವರು ಎರಡು ಓಣಿ ಆಚೆ ಬಾಡಿಗೆಗೆ ಇದ್ದವರು. ಅವರ ಮಗಳು ನನ್ನ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ಆ ಭಾಗದ ಮನೆ ಬೇಕು ಅನ್ನುವವರು ಆ ಭಾಗದಲ್ಲೇ ಇರುತ್ತಾರೆ, ಶಾಲೆ ಅಲ್ಲಿ, ಅಂಗಡಿ ಅಲ್ಲಿ, ಬೀಗರು ಅಲ್ಲಿ.

ಮನೆ ತೋರಿಸುವಾಗ ಒಬ್ಬರೇ ಇರಬೇಡಿ. ಬರುವವರಿಗೆ ಹೊತ್ತು ಹೇಳಿ, ಪಕ್ಕದ ಮನೆಯವರನ್ನು ಕೂಡಿಸಿಕೊಳ್ಳಿ. ನಮ್ಮ ಊರಿನ ಬಿಸಿಲಿಗೆ ಮಧ್ಯಾಹ್ನ ಯಾವ ಮನೆಯೂ ಚಂದ ಕಾಣುವುದಿಲ್ಲ, ಬೆಳಿಗ್ಗೆ ಕರೆಯಿರಿ. ಇಲ್ಲಿ ಎಲ್ಲರೂ ಮೊದಲು ಕೇಳುವುದು ನೀರು. ನಳದ ನೀರು ಎಷ್ಟು ದಿನಕ್ಕೊಮ್ಮೆ, ಬೋರ್ ಎಷ್ಟು ಆಳ, ಬೇಸಿಗೆಯಲ್ಲಿ ಹಿಡಿಯುತ್ತದಾ ಅಂತ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮ ಹಿಂದಿನ ಕೋಣೆಯ ಗೋಡೆ ಮಳೆಗಾಲದಲ್ಲಿ ಹಸಿಯಾಗುತ್ತಿತ್ತು. ಸುಣ್ಣ ಹಚ್ಚಿ ಮುಚ್ಚಿಬಿಡಿ ಅಂತ ಒಬ್ಬರು ಬುದ್ಧಿ ಹೇಳಿದರು. ನಾನು ಮುಚ್ಚಲಿಲ್ಲ. ತೊಗೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷವನ್ನು ಮಾರುವವರು ಹೇಳಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಅದಕ್ಕಿಂತ ಹೆಚ್ಚಾಗಿ, ಅವರು ನನ್ನ ವಿದ್ಯಾರ್ಥಿನಿಯ ತಂದೆತಾಯಿ. ನಾಳೆ ದಾರಿಯಲ್ಲಿ ಎದುರಾದರೆ ಮುಖ ಎತ್ತಿ ಮಾತಾಡಬೇಕು.

ಮಾತು ಕೂತದ್ದು ಎರಡು ಸಲ. ಎರಡನೇ ಸಲ ಅವರು ಸೋದರಮಾವನನ್ನು ಕರೆದುಕೊಂಡು ಬಂದರು, ಮಾತಾಡಿದ್ದೆಲ್ಲ ಅವರೇ. "ನಲವತ್ಮೂರಕ್ಕ ಮುಗಸ್ರಿ ಅಕ್ಕಾರ, ಹೆಂಗೂ ಹಳೇ ಮನಿ" ಅಂದರು. ನನಗೆ ಸಿಟ್ಟು ಬಂತು. ನಿಜ ಹೇಳಬೇಕಂದರೆ ಆ "ಹಳೇ ಮನಿ" ಅನ್ನುವ ಮಾತಿಗೆ ಕಣ್ಣಲ್ಲಿ ನೀರೂ ಬಂತು. ಇಂಥ ಹೊತ್ತಿಗೆ ಏಜೆಂಟ್ ಇದ್ದರೆ ಆ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ, ಅದು ಅವರ ದೊಡ್ಡ ಉಪಯೋಗ, ಅದನ್ನು ಒಪ್ಪುತ್ತೇನೆ. ನಾನು ಒಳಗೆ ಹೋಗಿ ಚಹಾ ಇಟ್ಟೆ. ಚಹಾ ಕುದಿಯುವಷ್ಟು ಹೊತ್ತು ಸುಮ್ನೆ ನಿಂತೆ. ಹೊರಗೆ ಬಂದು ಫೈಲು ಅವರ ಮುಂದೆ ಇಟ್ಟೆ.

ಮಾತು ತಿರುಗಿದ್ದು ಅಲ್ಲಿ. ಸೋದರಮಾವ ಒಂದೊಂದೇ ಕಾಗದ ಓದಿದರು. ವಾರಸಾ ಆಗಿತ್ತು, ಬೋಜಾ ಹೋಗಿತ್ತು, ಇ-ಖಾತೆ ಇತ್ತು. ಆಮೇಲೆ ಅವರ ದನಿಯೇ ಬೇರೆ ಆಯಿತು. ನಾನು ಅವರ ಖರ್ಚಿನ ಲೆಕ್ಕವನ್ನೂ ಮಾಡಿಟ್ಟಿದ್ದೆ. 46 ಲಕ್ಷಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 2,30,000. ಅದರ ಮೇಲೆ ಸೆಸ್ 23,000, ಸರ್‌ಚಾರ್ಜ್ 4,600. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ, ಅದು 92,000. ಎಲ್ಲ ಕೂಡಿ 3,49,600 ಅವರ ತಲೆಯ ಮೇಲೆ ಬೀಳುತ್ತದೆ. ಅವರು ಚೌಕಾಸಿ ಮಾಡುವಾಗ ಮನಸ್ಸಿನಲ್ಲಿ ಇರುವುದು ಈ ಭಾರ. ಅದಕ್ಕೆ ಹೇಳಿದೆ, "ನೋಡ್ರಿ, ದಲಾಲಿ ನಿಮಗೂ ಉಳೀತು, ನನಗೂ ಉಳೀತು. ನಲವತ್ತೊಂಬತ್ತು ಹೇಳಿದ್ದೆ, ನಲವತ್ತಾರಕ್ಕ ಬರ್ತೀನಿ. ಅದರ ಕೆಳಗ ಬ್ಯಾಡ್ರಿ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಯಿತು ಅಂದರು. ಅರ್ಜೆಂಟ್ ಇದೆ ಅಂತ ಮಾತ್ರ ಯಾವತ್ತೂ ಬಾಯಿ ಬಿಡಬೇಡಿ.

ಒಪ್ಪಿದ ಕೂಡಲೇ ಸೋದರಮಾವ ಕಿಸೆಯಿಂದ 51,000 ರೂಪಾಯಿ ತೆಗೆದು ಅತ್ತೆಯ ಮುಂದೆ ಇಟ್ಟರು, ಸಂಚಕಾರ ಅಂತ, ಅಂದರೆ ಮುಂಗಡ. ನಮ್ಮ ಪದ್ಧತಿ ಅದು, ಅವರ ಮನಸ್ಸೂ ಒಳ್ಳೆಯದೇ. ಆದರೆ ಮನೆ ಮಾರುವಾಗ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೊಗೊಂಡರೆ, ತೊಗೊಂಡಷ್ಟೇ ದಂಡ ಬೀಳಬಹುದು, ಅದೂ ತೊಗೊಂಡವರಿಗೆ. 2015ರ ಜೂನ್ 1ರಿಂದ ಈ ನಿಯಮ ಇದೆ. ನಾನು ಕೈ ಮುಗಿದು, ಇದರಲ್ಲಿ 101 ರೂಪಾಯಿ ಶಾಸ್ತ್ರಕ್ಕೆ ಇರಲಿ, ಉಳಿದದ್ದು ಬ್ಯಾಂಕಿನಿಂದ ಹಾಕಿ ಅಂದೆ. ಮೂರನೇ ದಿನ ವಕೀಲರು ಸಂಚಕಾರ ಪತ್ರ ಬರೆದರು. ಎಷ್ಟು ಮುಂಗಡ, ಎಷ್ಟು ದಿನದ ಒಳಗೆ ಖರೀದಿ, ಅವರಿಗೆ ಸಾಲ ಸಿಗದಿದ್ದರೆ ಏನು, ನಾವು ತಪ್ಪಿದರೆ ಏನು, ಎಲ್ಲ ಅದರಲ್ಲಿ ಬಂತು. ಬಾಯಿಮಾತಿನಲ್ಲಿ ಏನನ್ನೂ ಉಳಿಸಲಿಲ್ಲ. ಕೀಲಿ ಕೈ ರಜಿಸ್ಟ್ರೇಷನ್ ದಿನವೇ ಅಂತಲೂ ಬರೆಸಿದೆ.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದು ನಗದು ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಸರ್ಕಾರಿ ದರಕ್ಕಿಂತ ಬಹಳ ಕೆಳಗೆ ತೋರಿಸಿದರೆ ಆದಾಯ ತೆರಿಗೆಯವರು ಸರ್ಕಾರಿ ದರಕ್ಕೇ ಮಾರಿದ ಹಾಗೆ ಲೆಕ್ಕ ಹಿಡಿಯುತ್ತಾರೆ. ಕೊಂಡವರ ಬ್ಯಾಂಕ್ ಸಾಲವೂ ಪತ್ರದ ಮೊತ್ತದ ಮೇಲೆಯೇ ಹೋಗುತ್ತದೆ. ಮನೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ನೂರಕ್ಕೆ 1 ಟಿ.ಡಿ.ಎಸ್., ಅಂದರೆ ನಿಮ್ಮ ತೆರಿಗೆಯ ಲೆಕ್ಕಕ್ಕೆ ಮುಂಚೆಯೇ, ಮುರಿದು ತುಂಬಬೇಕು, ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಬರುತ್ತದೆ, ಹೆದರಬೇಡಿ. ಲಾಭದ ತೆರಿಗೆಯ ವಿಷಯಕ್ಕೆ ಮೊದಲೇ ಒಬ್ಬ ಸಿ.ಎ. ಹತ್ತಿರ ಹೋಗಿ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ನೂರಕ್ಕೆ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ ಬೆಲೆ ಏರಿಕೆ ಕಳೆದು ಹಚ್ಚುವ ಹಳೇ ಲೆಕ್ಕದ 20ನ್ನೂ ನೋಡಿ ಯಾವುದು ಕಡಿಮೆಯೋ ಅದು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಷ್ಟರ ಮಟ್ಟಿಗೆ ತೆರಿಗೆ ಉಳಿಯುತ್ತದೆ. ನನಗೆ ಉಳಿದದ್ದು ಹಾಗೆಯೇ.

ರಜಿಸ್ಟ್ರೇಷನ್ ದಿನಕ್ಕೆ ಮೊದಲೇ ಆನ್‌ಲೈನಿನಲ್ಲಿ ಎಲ್ಲ ತುಂಬಿ ಹೊತ್ತು ತೊಗೊಂಡಿದ್ದೆವು. ಮಗ, ಮಗಳು ಬಂದರು. ನಡೆಯಲಾಗದ ಹಿರಿಯರಿದ್ದರೆ ಅಧಿಕಾರಿಗಳು ಮನೆಗೇ ಬಂದು ಹೆಬ್ಬೆಟ್ಟು ತೊಗೊಳ್ಳಲಿಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಅದಕ್ಕೆ ಅರ್ಜಿ ಹಾಕೋಣ ಅಂದೆ. ಅತ್ತೆ ಕೇಳಲಿಲ್ಲ. "ನನ್ನ ಮಗ ಕಟ್ಟಿಸಿದ ಮನಿ. ನಾನ ಹೋಗಿ ಕೊಟ್ಟು ಬರ್ತೀನಿ" ಅಂದರು. ಇಲಕಲ್ ಸೀರೆ ಉಟ್ಟು ಆಟೋದಲ್ಲಿ ಬಂದರು. ಹೆಬ್ಬೆಟ್ಟು ಒತ್ತುವ ಮೊದಲು ಬ್ಯಾಂಕಿನ ಡಿ.ಡಿ. ನಾಲ್ಕೂ ಹೆಸರಿಗೆ ಬೇರೆ ಬೇರೆ ಬಂದಿದೆಯಾ ಅಂತ ನಾನು ನೋಡಿಕೊಂಡೆ. ಎಲ್ಲ ಮಗನ ಖಾತೆಗೇ ಹಾಕಿಸಿ, ಸುಲಭ ಅಂತ ಕೆಲವರು ಹೇಳಿದ್ದರು. ಬೇಡ ಅಂದಿದ್ದೆ. ಒಬ್ಬೊಬ್ಬರಿಗೂ ಹನ್ನೊಂದೂವರೆ ಲಕ್ಷ, ಮುಂಗಡ ಕೂಡಿಸಿ.

ಕೊನೆಯಲ್ಲಿ ಒಬ್ಬ ತಂಗಿ ಕೇಳಿದರು, ಹಾಗಾದರೆ ಏಜೆಂಟ್ ಯಾರಿಗೂ ಬೇಡವಾ ಅಂತ. ಹಾಗಲ್ಲ. ನೀವು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಮನೆ ಇಲ್ಲಿದ್ದರೆ, ತೋರಿಸಲಿಕ್ಕೆ ಯಾರೂ ಇಲ್ಲದಿದ್ದರೆ, ಒಳ್ಳೆಯವರೊಬ್ಬರನ್ನು ಹಿಡಿಯಿರಿ, ದಲಾಲಿ ಎಷ್ಟು, ಯಾವಾಗ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಆಗಲೂ ಕಾಗದ ನಿಮ್ಮ ಕೈಯಿಂದಲೇ ಸರಿಯಾಗಲಿ.

ಇನ್ನೊಬ್ಬ ಅಕ್ಕ ಕೇಳಿದ್ದು ಅತ್ತೆಯ ದುಡ್ಡಿನ ಬಗ್ಗೆ. ಅವರ ಹೆಸರಿನಲ್ಲೇ ಎಫ್.ಡಿ. ಇಟ್ಟಿದ್ದೇವೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಅವರ ಖಾತೆಗೆ ಬರುತ್ತದೆ. ಮೊದಲ ಸಲ ಬಂದಾಗ ಪಾಸ್‌ಬುಕ್ಕಿನಲ್ಲಿ ಅವರ ಹೆಸರು ಎಲ್ಲಿದೆ ಅಂತ ಕೇಳಿದರು. ಬೆರಳು ಹಿಡಿದು ತೋರಿಸಿದೆ.